ಎನ್‌ಫೀಲ್ಡೋ ಸ್ಪ್ರಿಂಗ್‌ಫೀಲ್ಡೋ: ನಳಿಗೆಯ ಬಾಯಿಂದ ಮದ್ದು ತುಂಬುವ ರೈಫಲ್-ಮಸ್ಕೆಟ್ ಪ್ರತಿಕೃತಿ ಕೊಳ್ಳುವವರಿಗೆ

ಅಮೆರಿಕದ ಅಂತರ್ಯುದ್ಧದ ಕಾಲದ ರೈಫಲ್-ಮಸ್ಕೆಟ್ಟಿನ ಪ್ರತಿಕೃತಿಯೊಂದನ್ನು ಕೊಂಡು ಗುರಿ ಹೊಡೆಯುವ ಅಭ್ಯಾಸಕ್ಕೆ ಇಳಿಯಬೇಕೆಂದಿರುವ ಕನ್ನಡಿಗ ಗೆಳೆಯರು, ಅದರಲ್ಲೂ ವರ್ಜೀನಿಯಾ, ಮೇರಿಲ್ಯಾಂಡ್, ಪೆನ್ಸಿಲ್ವೇನಿಯಾ ಕಡೆ ನೆಲೆಸಿರುವವರು, ನನ್ನನ್ನು ಮೊದಲು ಕೇಳುವುದು ಬ್ರಿಟಿಷರ ಎನ್‌ಫೀಲ್ಡ್ ಕೊಳ್ಳಲೇ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕೊಳ್ಳಲೇ ಎಂದು. ಬಹಳ ವರ್ಷ ಈ ಬಂದೂಕುಗಳೊಡನೆ ಕಳೆದ ಮೇಲೆ ನನಗೆ ಮನವರಿಕೆಯಾಗಿರುವ ಸಂಗತಿಯೆಂದರೆ, ನೂರು ಗಜದಾಚೆಯ ಹಲಗೆಯಲ್ಲಿ ಗುಂಡುಗಳು ಒತ್ತಾಗಿ ಬೀಳುವುದನ್ನು ಮಾದರಿಯ ಹೆಸರಿಗಿಂತ ಹೆಚ್ಚಾಗಿ ನಿರ್ಧರಿಸುವುದು ನಳಿಗೆಯ ಒಳ ಅಳತೆಗೂ ಸೀಸದ ಗುಂಡಿನ ಅಳತೆಗೂ ಇರುವ ಹೊಂದಾಣಿಕೆ. ಮಾದರಿಗಳ ನಡುವಿನ ವ್ಯತ್ಯಾಸ ಮುಖ್ಯವಾಗುವುದು ಬೇರೆ ಕಾರಣಗಳಿಗೆ: ಉದ್ದ, ತೂಕ, ರೈಫ್ಲಿಂಗಿನ (ನಳಿಗೆಯೊಳಗಿನ ತೋಡುಗಳ) ಸುರುಳಿ, ಬಿಚ್ಚಿ ತೊಳೆಯುವ ಅನುಕೂಲ, ಮತ್ತು ಕೊಂಡ ಮೇಲೆ ಯಾವ ಮೈದಾನದಲ್ಲಿ ನಿಂತು ಹೊಡೆಯುತ್ತೀರಿ ಎಂಬುದು.

ಮಲೆನಾಡಿನಲ್ಲಿ ಬೆಳೆ ಕಾಯಲು ಇಟ್ಟುಕೊಳ್ಳುವ ಕೇಪಿನ ಕೋವಿಯನ್ನು ಕಂಡು ಬೆಳೆದವರಿಗೆ ಈ ಬಂದೂಕಿನ ಅರ್ಧ ಕೆಲಸ ಆಗಲೇ ಗೊತ್ತಿರುತ್ತದೆ. ನಳಿಗೆಯ ಬಾಯಿಂದ ಮದ್ದು ಹಾಕಿ, ಅದರ ಮೇಲೆ ಗುಂಡನ್ನಿಟ್ಟು, ನಮ್ಮ ಕಡೆ ಗಜವೆಂದೇ ಕರೆಯುವ ಸಲಾಕೆಯಿಂದ ಕೆಳಗೆ ದೂಡಿ, ಹಿಂಬದಿಯ ನಿಪ್ಪಲ್ ಎಂಬ ತೂತಿನ ಮೊನೆಗೆ ಕಿಡಿ ಹಾರಿಸುವ ಕೇಪು ಸಿಕ್ಕಿಸಿ, ಕೇಪಿನ ಮೇಲೆ ಬಡಿಯುವ ಕುದುರೆಯನ್ನು ಎತ್ತಿ ಹೊಡೆಯುವ ಕ್ರಮ ಎರಡಕ್ಕೂ ಒಂದೇ. ಕೇಪಿನ ಕೋವಿಯ ನಳಿಗೆ ಒಳಗೆ ನುಣುಪಾಗಿದ್ದರೆ, ರೈಫಲ್-ಮಸ್ಕೆಟ್ಟಿನ ನಳಿಗೆಯಲ್ಲಿ ಸುರುಳಿಯಾಗಿ ಸಾಗುವ ತೋಡುಗಳಿರುತ್ತವೆ. ತೋಡುಗಳಿಗೆ ಕಚ್ಚಿಕೊಂಡ ಗುಂಡು ತಿರುಗುತ್ತ ಹೊರಟು ನೇರವಾಗಿ ಸಾಗುತ್ತದೆ. ಆದರೆ ಕಚ್ಚಿಕೊಳ್ಳುವಷ್ಟು ಬಿಗಿಯಾದ ಗುಂಡನ್ನು ಯುದ್ಧದ ನಡುವೆ ಬಾಯಿಂದ ಇಳಿಸುವುದು ಬಹಳ ನಿಧಾನದ ಕೆಲಸವಾಗಿತ್ತು. 1840ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಸೇನಾಧಿಕಾರಿ ಕ್ಲೋದ್-ಎತಿಯೆನ್ ಮಿನಿಯೆ ಈ ತೊಡಕನ್ನು ಬಿಡಿಸಿದ. ಅವನ ಗುಂಡು ಉದ್ದನೆಯದು, ಅದರ ತಳ ಪೊಳ್ಳು, ಪೊಳ್ಳಿನೊಳಗೆ ಕಬ್ಬಿಣದ ಪುಟ್ಟ ಬಟ್ಟಲು. ಇಳಿಸುವಾಗ ಸಡಿಲವಾಗಿ ಇಳಿಯುವ ಗುಂಡು ಮದ್ದು ಉರಿದೊಡನೆ ತಳದಲ್ಲಿ ಅಗಲವಾಗಿ ತೋಡುಗಳನ್ನು ತುಂಬಿಕೊಳ್ಳುತ್ತದೆ. ಅಮೆರಿಕದ ಹಾರ್ಪರ್ಸ್ ಫೆರಿ ಶಸ್ತ್ರಾಗಾರದಲ್ಲಿದ್ದ ಜೇಮ್ಸ್ ಬರ್ಟನ್, ಪೊಳ್ಳಿನ ಆಕಾರವನ್ನು ಸರಿಯಾಗಿ ಕೊಟ್ಟರೆ ಕಬ್ಬಿಣದ ಬಟ್ಟಲೇ ಬೇಕಿಲ್ಲವೆಂದು ತೋರಿಸಿದ. ಇಂದು ಪ್ರತಿಕೃತಿಗಳಲ್ಲಿ ನಾವು ಹೊಡೆಯುವುದು ಬಹುಮಟ್ಟಿಗೆ ಈ ಬರ್ಟನ್ ಬಗೆಯ ಗುಂಡನ್ನೇ.

ಗುಂಡು ಅಗಲವಾಗುವುದಕ್ಕೂ ಒಂದು ಮಿತಿಯಿದೆ. ನಳಿಗೆಯ ಒಳವ್ಯಾಸಕ್ಕಿಂತ ಗುಂಡು ಅಂಗುಲದ ಸಾವಿರದಲ್ಲೊಂದು ಅಥವಾ ಎರಡು ಭಾಗದಷ್ಟು ಮಾತ್ರ ಸಣ್ಣದಿದ್ದರೆ ಅದು ಸರಿಯಾಗಿ ಕಚ್ಚಿಕೊಳ್ಳುತ್ತದೆ. ಐದಾರು ಭಾಗ ಸಣ್ಣದಾದರೆ ಒಂದು ಬದಿಗೆ ವಾಲಿ, ಹೊರಬಂದ ಮೇಲೆ ತನಗೆ ಬೇಕಾದಲ್ಲಿಗೆ ಹೋಗುತ್ತದೆ. ಪ್ರತಿಕೃತಿಗಳ ಮೇಲೆ 0.58 (ಅಂಗುಲ) ಎಂಬ ಮುದ್ರೆಯಿದ್ದರೂ ಒಳಗಿನ ನಿಜವಾದ ಅಳತೆ 0.575ರಿಂದ 0.582ರವರೆಗೆ ಎಲ್ಲಿಯೂ ಇರಬಹುದು. ನಾನು ಮೊದಲು ಕೊಂಡದ್ದು ಎರಡನೆಯ ಕೈಯ, ಎರಡು ಬಳೆಯ (ನಳಿಗೆಯನ್ನು ಮರಕ್ಕೆ ಬಿಗಿದಿಡುವ ಲೋಹದ ಪಟ್ಟಿಯೇ ಬಳೆ) ರೈಫಲ್. ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕ 0.575 ಅಳತೆಯ ಗುಂಡುಗಳನ್ನೇ ತಂದು ಒಂದಿಡೀ ಬೇಸಿಗೆ ಹೊಡೆದೆ. ಐವತ್ತು ಗಜದಲ್ಲಿ ಹತ್ತು ಗುಂಡು ಹೊಡೆದರೆ ಊಟದ ತಟ್ಟೆಯಷ್ಟು ಅಗಲಕ್ಕೆ ಚದುರುತ್ತಿದ್ದವು. ತಪ್ಪು ನನ್ನ ಕಣ್ಣಿನದೋ ಭುಜದ್ದೋ ಎಂದು ಕೊರಗಿದೆ. ಕೊನೆಗೆ ಹಿರಿಯರೊಬ್ಬರು ಅಳತೆ ಕಡ್ಡಿಗಳನ್ನು ನಳಿಗೆಯ ಬಾಯಿಗೆ ಇಳಿಸಿ ನೋಡಿ, ಅದು 0.580 ಎಂದು ಹೇಳಿದರು. 0.579ಕ್ಕೆ ಹೊಂದುವ ಅಚ್ಚು ಮತ್ತು ಗುಂಡನ್ನು ಆ ಅಳತೆಗೆ ಇಳಿಸುವ ಬಳೆಯಚ್ಚು ಕೊಂಡು ಅದೇ ಬಂದೂಕಿನಿಂದ, ಅದೇ ಮದ್ದಿನಿಂದ ಹೊಡೆದಾಗ ಹತ್ತು ಗುಂಡುಗಳು ಮುಷ್ಟಿಯಗಲದಲ್ಲಿ ಬಿದ್ದವು. ಆದ್ದರಿಂದ ಯಾವ ಮಾದರಿಯನ್ನೇ ಕೊಳ್ಳಿ, ನಳಿಗೆಯನ್ನು ಅಳೆಸುವ ಮುನ್ನ ಗುಂಡಿನ ಅಚ್ಚಿಗೆ ಹಣ ಹಾಕಬೇಡಿ.

ಈಗ ಮಾದರಿಗಳ ವಿಷಯ. ಸ್ಪ್ರಿಂಗ್‌ಫೀಲ್ಡ್ 1861 ಉತ್ತರದ ಪಡೆಗಳ ಮುಖ್ಯ ಬಂದೂಕು. ನಳಿಗೆ 40 ಅಂಗುಲ, ಒಟ್ಟು ಉದ್ದ 56 ಅಂಗುಲ, ತೂಕ ಸುಮಾರು 9 ಪೌಂಡ್, ಒಳಗೆ ಮೂರು ತೋಡು, ಅವು ಸುರುಳಿಯಾಗಿ ಸಾಗುವುದು 72 ಅಂಗುಲಕ್ಕೆ ಒಂದು ಸುತ್ತು. ನಳಿಗೆ, ಬಳೆ, ಕುದುರೆ ಎಲ್ಲವೂ ಬಣ್ಣ ಕಟ್ಟದ, ಹೊಳಪು ಕೊಟ್ಟ ಉಕ್ಕು. ಇದರ ದೊಡ್ಡ ಅನುಕೂಲವನ್ನು ಕೊಳ್ಳುವ ಮುನ್ನ ಯಾರೂ ಯೋಚಿಸುವುದಿಲ್ಲ: ನಳಿಗೆಯನ್ನು ಮರಕ್ಕೆ ಹಿಡಿದಿರುವ ಮೂರು ಬಳೆಗಳನ್ನು ಪುಟ್ಟ ಸ್ಪ್ರಿಂಗುಗಳು ತಡೆದಿರುತ್ತವೆ; ಅವನ್ನು ಬೆರಳಿನಿಂದ ಒತ್ತಿ ಬಳೆಗಳನ್ನು ಜಾರಿಸಿ, ಹಿಂಬದಿಯ ಒಂದು ತಿರುಪು ಬಿಚ್ಚಿದರೆ ನಳಿಗೆ ಕೈಗೆ ಬರುತ್ತದೆ. ಕಪ್ಪು ಮದ್ದಿನ ಮಸಿ ತೇವವನ್ನು ಹೀರಿ ಒಂದೇ ರಾತ್ರಿಯಲ್ಲಿ ಉಕ್ಕನ್ನು ತಿನ್ನಲು ಹೊರಡುತ್ತದೆಯಾದ್ದರಿಂದ, ಪ್ರತಿ ಸಲ ಹೊಡೆದ ಮೇಲೂ ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆಯಲೇಬೇಕು. ಹಾಗೆ ತೊಳೆಯುವಾಗ ಈ ಸುಲಭದ ಬೆಲೆ ತಿಳಿಯುತ್ತದೆ. ತೊಂದರೆಯೂ ಆ ಹೊಳಪಿನಲ್ಲೇ ಇದೆ: ಬೆವರಿನ ಬೆರಳು ತಾಗಿದ ಕಡೆಯೆಲ್ಲ ಕಲೆ ಮೂಡುತ್ತದೆ.

ಬ್ರಿಟಿಷರ 1853ರ ಮಾದರಿಯ ಎನ್‌ಫೀಲ್ಡ್ ಮೂರು ಬಳೆಯದು; 39 ಅಂಗುಲದ ನಳಿಗೆ, ಒಟ್ಟು 55 ಅಂಗುಲ, ಮೂಲದಲ್ಲಿ ಮೂರು ತೋಡು, 78 ಅಂಗುಲಕ್ಕೆ ಒಂದು ಸುತ್ತು, ಒಳವ್ಯಾಸ 0.577. ಅಂತರ್ಯುದ್ಧದಲ್ಲಿ ಎರಡೂ ಕಡೆಯವರು ಇದನ್ನು ಲಕ್ಷಗಟ್ಟಲೆ ಆಮದು ಮಾಡಿಕೊಂಡರು, ಸ್ಪ್ರಿಂಗ್‌ಫೀಲ್ಡಿನ ಗುಂಡನ್ನೇ ಇದರಲ್ಲೂ ಹೊಡೆದರು. ನಳಿಗೆಗೆ ನೀಲಿ ಬಣ್ಣ, ಟ್ರಿಗರಿನ ಕಾವಲು ಮತ್ತು ಬುಡದ ತಗಡು ಹಿತ್ತಾಳೆ, ನೋಡಲು ನನ್ನ ಕಣ್ಣಿಗೆ ಸ್ಪ್ರಿಂಗ್‌ಫೀಲ್ಡಿಗಿಂತ ಚೆಲುವು. ಆದರೆ ಇದರ ಬಳೆಗಳನ್ನು ತಿರುಪಿನಿಂದ ಬಿಗಿಯಲಾಗಿದೆ. ಪ್ರತಿ ಸಲ ಬಿಚ್ಚಿದರೆ ತಿರುಪುಗಳ ತಲೆ ಹಾಳಾಗುತ್ತದೆ. ಹಾಗಾಗಿ ಎನ್‌ಫೀಲ್ಡ್ ಇರುವವರು ನಳಿಗೆಯನ್ನು ಮರದಲ್ಲೇ ಇಟ್ಟು ತೊಳೆಯುವುದೇ ಹೆಚ್ಚು, ನೀರು ಮರದ ಸಂದಿಗೆ ಇಳಿಯದಂತೆ ಎಚ್ಚರ ವಹಿಸಬೇಕು. ಮೂಲ ಎನ್‌ಫೀಲ್ಡಿನ ತೋಡುಗಳು ಹಿಂಬದಿಯಲ್ಲಿ ಆಳವಾಗಿದ್ದು ಬಾಯಿಯ ಕಡೆಗೆ ತೆಳುವಾಗುತ್ತಿದ್ದವು, ಇದರಿಂದ ಮೆದು ಸೀಸ ತೋಡನ್ನು ತುಂಬಿ ಹೊರಬರುವವರೆಗೂ ಹಿಡಿತ ಬಿಡುತ್ತಿರಲಿಲ್ಲ. ಅಗ್ಗದ ಪ್ರತಿಕೃತಿಗಳಲ್ಲಿ ತೋಡಿನ ಆಳ ಎಲ್ಲೆಡೆ ಒಂದೇ ಇರುತ್ತದೆ, ಸುರುಳಿಯನ್ನೂ ಮೂಲದಂತೆ ಇಟ್ಟಿರುವುದಿಲ್ಲ. ಮಾರುವವರನ್ನು ಕೇಳಬೇಕಾದ ಪ್ರಶ್ನೆ ಇದು.

ಎನ್‌ಫೀಲ್ಡ್ ಎಂದೊಡನೆ ನಮ್ಮವರಿಗೆ 1857 ನೆನಪಾಗುತ್ತದೆ, ಅದು ಸಹಜವೂ ಹೌದು. ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ, ಕೊಬ್ಬು ಸವರಿದ ತೋಟೆಗಳು ಈ 1853ರ ಮಾದರಿಗೇ ಸೇರಿದ್ದವು. ದಂಗೆ ಅಡಗಿದ ಮೇಲೆ ಬ್ರಿಟಿಷರು ಭಾರತೀಯ ಸಿಪಾಯಿಗಳಿಗೆ ಹೊರನೋಟಕ್ಕೆ ಇದೇ ಬಂದೂಕನ್ನು, ಆದರೆ ಒಳಗೆ ತೋಡಿಲ್ಲದ ನುಣುಪು ನಳಿಗೆಯದನ್ನು ಮಾಡಿಸಿ ಕೊಟ್ಟರು. ಒಬ್ಬನ ಕೈಗೆ ಎಷ್ಟು ದೂರದ ಗುರಿ ಸಿಗಬೇಕೆಂಬುದನ್ನು ನಳಿಗೆಯ ಒಳಗಿನಿಂದಲೇ ನಿರ್ಧರಿಸಿದ ಆ ಕ್ರಮವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಗುಂಡಿಗೆ ಸವರುವ ಜಿಡ್ಡು ಮಾತ್ರ ಇಂದಿಗೂ ಬೇಕೇ ಬೇಕು. ಅದು ಮಸಿಯನ್ನು ಮೆದುವಾಗಿಟ್ಟು ಮುಂದಿನ ಗುಂಡು ಇಳಿಯುವಂತೆ ಮಾಡುತ್ತದೆ. ಪ್ರಾಣಿಕೊಬ್ಬು ಬೇಡವೆನ್ನುವವರು ಜೇನುಮೇಣಕ್ಕೆ ಖಾದ್ಯತೈಲ ಕರಗಿಸಿ ಸೇರಿಸಿಕೊಳ್ಳಬಹುದು. ನಾನು ಬಳಸುವುದೂ ಅದನ್ನೇ. ಪೆಟ್ರೋಲಿಯಂ ಗ್ರೀಸು ಕಪ್ಪು ಮದ್ದಿನೊಡನೆ ಸೇರಿ ಟಾರಿನಂತೆ ಗಟ್ಟಿಯಾಗುವುದರಿಂದ ಅದನ್ನು ಬಳಸಬಾರದು.

ಮೊದಲ ಬಾರಿಗೆ ಕೊಳ್ಳುವವರಿಗೆ ನಾನು ಹೇಳುವುದು 1858ರ ಎರಡು ಬಳೆಯ ಎನ್‌ಫೀಲ್ಡ್. ನೌಕಾದಳಕ್ಕೆಂದು ಮಾಡಿದ ಈ ಮಾದರಿಯ ನಳಿಗೆ 33 ಅಂಗುಲ, ತೋಡು ಐದು, 48 ಅಂಗುಲಕ್ಕೇ ಒಂದು ಸುತ್ತು. ನಳಿಗೆ ಗಿಡ್ಡವಾದರೂ ದಪ್ಪ, ಹಾಗಾಗಿ ಹಗುರ ಎನ್ನುವಂತಿಲ್ಲ. ಸುರುಳಿ ಬಿರುಸಾಗಿರುವುದರಿಂದ ಹಲವು ಬಗೆಯ ಗುಂಡುಗಳನ್ನು, ಮದ್ದಿನ ಅಳತೆ ಒಂದಿಷ್ಟು ಹೆಚ್ಚುಕಡಿಮೆಯಾದರೂ, ಸರಿಯಾಗಿ ತಿರುಗಿಸುತ್ತದೆ. ಹೊಸಬರ ತಪ್ಪುಗಳನ್ನು ಇದು ತಾಳಿಕೊಳ್ಳುವಷ್ಟು ಮೂರು ಬಳೆಯದು ತಾಳಿಕೊಳ್ಳುವುದಿಲ್ಲ. ಇನ್ನೊಂದು ಸಂಗತಿ ನಮ್ಮ ಎತ್ತರದ್ದು. ಐದಡಿ ನಾಲ್ಕಂಗುಲದ ಒಬ್ಬರು 56 ಅಂಗುಲದ ಬಂದೂಕನ್ನು ನೆಲಕ್ಕೂರಿ ನಿಂತರೆ ಅದರ ಬಾಯಿ ಗಲ್ಲದ ಹತ್ತಿರ ಬರುತ್ತದೆ. ಅಲ್ಲಿಗೆ ಮದ್ದು ಸುರಿಯುವಾಗ ಮುಖವನ್ನು ನಳಿಗೆಯ ನೇರಕ್ಕೆ ತರದೆ ನಿಲ್ಲುವುದೇ ಕಷ್ಟ. ನನ್ನ ಹೆಂಡತಿ ಮೂರು ಬಳೆಯದನ್ನು ಬಿಟ್ಟು ಎರಡು ಬಳೆಯದಕ್ಕೆ ಬಂದದ್ದು ಇದೇ ಕಾರಣಕ್ಕೆ, ಬಂದ ಮೇಲೆ ಅವಳ ಗುರಿ ನನಗಿಂತ ಚೆನ್ನಾಯಿತು.

ಉದ್ದದ ಬಂದೂಕಿಗೂ ಒಂದು ವಾದವಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ನಿಂತು ಹೊಡೆಯುವಾಗ ಬಾಯಿಯ ಕಡೆಯ ತೂಕ ತೋಳಿನ ನಡುಕವನ್ನು ತಡೆಯುತ್ತದೆ, ಗುರಿ ನೋಡಲು ನಳಿಗೆಯ ಮೇಲಿರುವ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವಿನ ಅಂತರ ಹೆಚ್ಚಿರುವುದರಿಂದ ಸಣ್ಣ ವಾಲುವಿಕೆಯೂ ಕಣ್ಣಿಗೆ ಬೀಳುತ್ತದೆ. ನುರಿತ ಎತ್ತರದವರು ಸ್ಪ್ರಿಂಗ್‌ಫೀಲ್ಡನ್ನೇ ಹಿಡಿಯುವುದಕ್ಕೆ ಕಾರಣವಿದೆ. ಅಂತರ್ಯುದ್ಧದ ಆಂಟೀಟಮ್ ಅಥವಾ ಗೆಟ್ಟಿಸ್‌ಬರ್ಗ್ ಕದನದ ಕಾಲಾಳು ಏನನ್ನು ಹೊತ್ತು ನಡೆದನೆಂದು ಕೈಯಾರೆ ತಿಳಿಯಬೇಕೆನ್ನುವವರೂ ಮೂರು ಬಳೆಯದನ್ನೇ ಕೊಳ್ಳಬೇಕು.

ಉಳಿದವುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. 24 ಅಂಗುಲದ ನಳಿಗೆಯ 1861ರ ಮಸ್ಕೆಟೂನ್ ಹೊರಲು ಹಿತ, ಆದರೆ ಒದೆತ ಜೋರು, ಸೈಟುಗಳ ಅಂತರ ಕಡಿಮೆ. ಎರಡನೆಯ ಬಂದೂಕಾಗಿ ಕೊಳ್ಳಬಹುದು. ರೆಮಿಂಗ್ಟನ್ 1863ರ ಜುವಾವ್ ಹೆಸರಿನ ಮಾದರಿಯ ಪ್ರತಿಕೃತಿಗಳು ದಶಕಗಳಿಂದ ಹೇರಳವಾಗಿ ತಯಾರಾಗಿರುವುದರಿಂದ ಎರಡನೆಯ ಕೈಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಮೂಲ ಬಂದೂಕು 12,501 ತಯಾರಾದರೂ ಅಂತರ್ಯುದ್ಧದಲ್ಲಿ ಬಳಕೆಯಾದದ್ದಕ್ಕೆ ಪುರಾವೆ ಇಲ್ಲವೆನ್ನುವಷ್ಟು ಕಡಿಮೆ. ಯುದ್ಧದ ಮರುನಟನೆಗೆ ಅದು ಹೊಂದುವುದಿಲ್ಲ, ಗುರಿ ಹೊಡೆಯಲು ಚೆನ್ನಾಗಿಯೇ ಇದೆ. 1841ರ ಮಿಸ್ಸಿಸ್ಸಿಪ್ಪಿ ರೈಫಲ್ ಮೊದಲು 0.54 ಅಳತೆಯದು, ಬಟ್ಟೆ ಸುತ್ತಿದ ದುಂಡು ಗುಂಡಿಗೆಂದು ಮಾಡಿದ್ದು, ಪ್ರತಿಕೃತಿಗಳು 0.54ರಲ್ಲೂ 0.58ರಲ್ಲೂ ಸಿಗುತ್ತವೆ, ಕೊಳ್ಳುವಾಗ ಯಾವುದೆಂದು ನೋಡಿಕೊಳ್ಳಿ. 33 ಅಂಗುಲದ ನಳಿಗೆಯ ಈ ರೈಫಲ್ ಭುಜಕ್ಕೆ ಹೊಂದಿಕೊಳ್ಳುವ ಬಗೆ ನನಗೆ ಬಹಳ ಇಷ್ಟ. ವಿಟ್‌ವರ್ತ್ ಈ ಸಾಲಿಗೆ ಸೇರುವುದೇ ಇಲ್ಲ: 0.451 ಅಳತೆಯ ಆರು ಮೂಲೆಯ ನಳಿಗೆ, 20 ಅಂಗುಲಕ್ಕೆ ಒಂದು ಸುತ್ತು. ಅದು ಐನೂರು ಗಜದಾಚೆಗೆ ಹೊಡೆಯುವವರ ಸಾಧನ, ಹೊಸಬರು ಅದರ ಬೆಲೆಯನ್ನು ತೆತ್ತು ಐವತ್ತು ಗಜದಲ್ಲಿ ಹೊಡೆಯುವುದರಲ್ಲಿ ಅರ್ಥವಿಲ್ಲ.

ಯಾವ ಸ್ಪರ್ಧೆಗೆ ಹೋಗುತ್ತೀರಿ ಎಂಬುದೂ ಆಯ್ಕೆಯನ್ನು ತಿದ್ದುತ್ತದೆ. ಅಮೆರಿಕದಲ್ಲಿ 1950ರಲ್ಲಿ ಹುಟ್ಟಿದ ನಾರ್ತ್-ಸೌತ್ ಸ್ಕರ್ಮಿಶ್ ಅಸೋಸಿಯೇಷನ್ ತನ್ನ ರಾಷ್ಟ್ರೀಯ ಪಂದ್ಯಗಳನ್ನು ವರ್ಜೀನಿಯಾದ ವಿಂಚೆಸ್ಟರ್ ಬಳಿಯ ಫೋರ್ಟ್ ಶೆನಂಡೋವಾದಲ್ಲಿ ನಡೆಸುತ್ತದೆ. ಅಲ್ಲಿ ತಂಡಗಳು ಐವತ್ತು ಮತ್ತು ನೂರು ಗಜದಲ್ಲಿ ಮಣ್ಣಿನ ಬಿಲ್ಲೆ, ಹೆಂಚು, ಕುಂಡಗಳನ್ನು ಒಡೆಯುತ್ತವೆ. ಕಡಿಮೆ ಹೊತ್ತಿನಲ್ಲಿ ಒಡೆದವರು ಗೆದ್ದಂತೆ. ವೇಗ ಬೇಕಾದ ಈ ಆಟಕ್ಕೆ ಎರಡು ಬಳೆಯ ಬಂದೂಕು ಸುಲಭ, ಆದರೆ ಸಂಸ್ಥೆ ಒಪ್ಪಿದ ಮಾದರಿಗಳಿಗೆ ಮಾತ್ರ ಪ್ರವೇಶ, ಆದ್ದರಿಂದ ಕೊಳ್ಳುವ ಮೊದಲು ಅವರ ನಿಯಮ ಓದಿ. ಯುರೋಪಿನಲ್ಲಿ ನಡೆಯುವ ಅಂತರರಾಷ್ಟ್ರೀಯ ಸ್ಪರ್ಧೆಗಳ ಕ್ರಮ ಬೇರೆ: ಮೂವತ್ತು ನಿಮಿಷದಲ್ಲಿ ಹದಿಮೂರು ಗುಂಡು ಹೊಡೆದು ಉತ್ತಮವಾದ ಹತ್ತನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅಲ್ಲಿ ಆತುರವಿಲ್ಲ, ಸ್ಥಿರತೆ ಮುಖ್ಯ. ಉದ್ದದ ನಳಿಗೆ ಅಲ್ಲಿ ತನ್ನ ಗುಣ ತೋರುತ್ತದೆ.

ತಯಾರಕರ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗಿದೆ. ಇಂದು ಹೊಸದಾಗಿ ಸಿಗುವವು ಬಹುಪಾಲು ಇಟಲಿಯ ಬ್ರೆಶಿಯಾ ಪ್ರಾಂತದಿಂದ ಬರುತ್ತವೆ. ಗಾರ್ದೋನೆ ವಾಲ್ ತ್ರೋಂಪಿಯಾದಲ್ಲಿ 1957ರಲ್ಲಿ ಆರಂಭವಾದ ಪೆದರ್‌ಸೋಲಿಯ ಕೆಲಸ ನಯವಾದದ್ದು, ಬೆಲೆಯೂ ಹೆಚ್ಚು. ಕಿಯಾಪ್ಪಾದವರ ಆರ್ಮಿ ಸ್ಪೋರ್ಟ್ ಹೆಸರಿನವು ಅದಕ್ಕಿಂತ ಅಗ್ಗ. ಹೊಸದಕ್ಕೆ ಸಾವಿರ ಡಾಲರ್ ದಾಟುವುದು ಖಚಿತವೆಂದುಕೊಂಡೇ ಹೊರಡಿ. ಹಣಕ್ಕೆ ತಕ್ಕ ಬಂದೂಕು ಯಾವುದೆಂದು ಕೇಳಿದರೆ, 1970ರ ದಶಕದಿಂದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಪಾರ್ಕರ್-ಹೇಲ್ ತಯಾರಿಸಿದ ಎನ್‌ಫೀಲ್ಡುಗಳತ್ತ ಕೈ ತೋರುತ್ತೇನೆ. ಅವುಗಳ ನಳಿಗೆಗಳು ಈಗಲೂ ಮೆಚ್ಚುಗೆಯಿಂದ ಹುಡುಕಿಸಿಕೊಳ್ಳುತ್ತವೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ (ನಳಿಗೆ ಮದ್ದಿನ ಒತ್ತಡ ತಾಳುತ್ತದೆಂದು ಪರೀಕ್ಷಿಸಿ ಒತ್ತುವ ಗುರುತು) ಇರುವುದನ್ನು ಖಾತ್ರಿ ಮಾಡಿಕೊಳ್ಳಿ, ಏಕೆಂದರೆ ಮುಂದೆ ಅದೇ ಹೆಸರಿನಲ್ಲಿ ಇಟಲಿಯಲ್ಲಿ ತಯಾರಾದವೂ ಇವೆ. ಇಟಲಿಯ ಬಂದೂಕಿನಲ್ಲಿ ಕಪ್ಪು ಮದ್ದಿಗೆ ಪರೀಕ್ಷೆಯಾಗಿರುವುದನ್ನು ಪಿ-ಎನ್ ಅಕ್ಷರಗಳು ಹೇಳುತ್ತವೆ. ಪಕ್ಕದ ಎರಡಕ್ಷರದ ಗುರುತು ಪರೀಕ್ಷೆಯಾದ ವರ್ಷವನ್ನು ಸೂಚಿಸುತ್ತದೆ, ಎ-ಎ ಎಂದರೆ 1975. ಭಾರತದಲ್ಲಿ ತಯಾರಾಗಿ, ಮದ್ದಿಗೆ ಬೆಂಕಿ ತಾಗಿಸುವ ಕಿವಿಯ ತೂತು ಕೊರೆಯದೆ ಅಲಂಕಾರದ ವಸ್ತುವಾಗಿ ರಫ್ತಾಗುವ ಅಗ್ಗದ ಮಸ್ಕೆಟ್ಟುಗಳೂ ಅಮೆರಿಕದ ಮಾರುಕಟ್ಟೆಯಲ್ಲಿವೆ. ಪರೀಕ್ಷಾ ಮುದ್ರೆಯಿಲ್ಲದ ಯಾವ ನಳಿಗೆಯಲ್ಲೂ ಗುಂಡು ಹೊಡೆಯಬೇಡಿರೆಂದು ಕೈಮುಗಿದು ಕೇಳುತ್ತೇನೆ.

ಕಾನೂನಿನ ಮಾತು ಊರಿಂದೂರಿಗೆ ಬದಲಾಗುತ್ತದೆ. ಅಮೆರಿಕದ 1968ರ ಕೇಂದ್ರ ಕಾಯ್ದೆ ಬಾಯಿಂದ ಮದ್ದು ತುಂಬುವ ಇಂಥ ಪ್ರತಿಕೃತಿಗಳನ್ನು ಪುರಾತನ ಆಯುಧಗಳ ಸಾಲಿಗೆ ಸೇರಿಸಿದೆ, ಹಾಗಾಗಿ ಅನೇಕ ರಾಜ್ಯಗಳಲ್ಲಿ ಕೊಳ್ಳುವುದು ಸುಲಭ. ಆದರೆ ನಮ್ಮವರು ದೊಡ್ಡ ಸಂಖ್ಯೆಯಲ್ಲಿರುವ ನ್ಯೂಜೆರ್ಸಿಯಲ್ಲಿ ಇದಕ್ಕೂ ಗುರುತಿನ ಪರವಾನಗಿ ಬೇಕು. ಬ್ರಿಟನ್ನಿನಲ್ಲಿ ಬಂದೂಕಿಗೆ ಒಂದು, ಕಪ್ಪು ಮದ್ದಿಗೆ ಇನ್ನೊಂದು ಪ್ರಮಾಣಪತ್ರ ಪಡೆಯಬೇಕು. ಊರಿಗೆ ತರುವ ಯೋಚನೆಯಿದ್ದರೆ ಬಿಟ್ಟುಬಿಡಿ. ಭಾರತದಲ್ಲಿ ಬಾಯಿಂದ ತುಂಬುವ ಕೋವಿಗೂ ಪರವಾನಗಿ ಬೇಕು, ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಅವರಿಗೆ ಸೀಮಿತವಾದದ್ದು.

ಕೊಂಡ ಮೇಲೆ ಹೊಡೆಯುವ ವಿಷಯ. ಸ್ಪ್ರಿಂಗ್‌ಫೀಲ್ಡಿಗೆ ಸೇನೆಯ ಅಳತೆ 60 ಗ್ರೇನ್ (ಮದ್ದು ಅಳೆಯುವ ಸಣ್ಣ ತೂಕ) ಮದ್ದು, ಎನ್‌ಫೀಲ್ಡಿಗೆ ಸುಮಾರು 68. ಗುರಿ ಹೊಡೆಯಲು ಅಷ್ಟು ಬೇಕಿಲ್ಲ. 40ರ ಸುಮಾರಿಗೆ ಆರಂಭಿಸಿ, ಎರಡೆರಡು ಗ್ರೇನ್ ಏರಿಸುತ್ತ, ಗುಂಡುಗಳು ಎಲ್ಲಿ ಒತ್ತಾಗಿ ಬೀಳುತ್ತವೆಯೋ ಅಲ್ಲಿ ನಿಲ್ಲಿಸಿ. ತಯಾರಕರು ಹೇಳಿದ ಗರಿಷ್ಠ ಅಳತೆಯನ್ನು ಎಂದೂ ದಾಟಬಾರದು. ಆಧುನಿಕ ಹೊಗೆರಹಿತ ಮದ್ದನ್ನು ಒಂದು ಚಿಟಿಕೆಯಷ್ಟೂ ಬಳಸಬಾರದು, ನಳಿಗೆ ಸಿಡಿಯುತ್ತದೆ. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯದೆ, ಮನೆಯಲ್ಲೇ ಅಳೆದು ಪುಟ್ಟ ಕೊಳವೆಗಳಲ್ಲಿ ತುಂಬಿಟ್ಟುಕೊಳ್ಳಿ. ಗುಂಡು ಮದ್ದಿನ ಮೇಲೆ ಪೂರ್ತಿ ಕೂತಿರಬೇಕು, ನಡುವೆ ಸಂದು ಉಳಿದರೆ ಅದೂ ಅಪಾಯ. ಸಲಾಕೆಯ ಮೇಲೆ ಒಂದು ಗೆರೆ ಹಾಕಿಕೊಂಡರೆ ಪ್ರತಿ ಸಲ ಕಣ್ಣಿಗೇ ತಿಳಿಯುತ್ತದೆ. ಕೇಪು ಸಿಡಿದೂ ಈಡು ಹಾರದಿದ್ದರೆ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷವಾದರೂ ಕಾಯಿರಿ. ಸೀಸ ಶುದ್ಧವಾಗಿ ಮೆದುವಾಗಿರಲಿ. ವಾಹನದ ಚಕ್ರಗಳಿಂದ ತೆಗೆದ ತೂಕದ ಸೀಸ ಗಟ್ಟಿಯಾಗಿದ್ದು ತಳ ಅರಳುವುದಿಲ್ಲ. ಎಲ್ಲ ಸರಿಯಿದ್ದೂ ಐವತ್ತು ಗಜದಲ್ಲಿ ಗುಂಡು ಅರ್ಧ ಅಡಿ ಮೇಲೆ ಬೀಳುತ್ತಿದ್ದರೆ ಗಾಬರಿ ಬೇಡ, ಮುಂದಿನ ಸೈಟು ಗಿಡ್ಡವಾಗಿರುವುದು ಈ ಬಂದೂಕುಗಳ ಸಾಮಾನ್ಯ ಗುಣ. ಎತ್ತರದ್ದನ್ನು ಕೂಡಿಸಿ ಅರದಿಂದ ಸ್ವಲ್ಪ ಸ್ವಲ್ಪವೇ ತಗ್ಗಿಸಿಕೊಳ್ಳಬಹುದು.

ಎರಡನೆಯ ಕೈಯ ಬಂದೂಕನ್ನು ನೋಡಲು ಹೋದಾಗ ಮೊದಲು ಮಾಡಬೇಕಾದದ್ದು ಅದು ಖಾಲಿಯಾಗಿದೆಯೇ ಎಂಬ ಪರೀಕ್ಷೆ. ಸಲಾಕೆಯನ್ನು ನಳಿಗೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಬೆರಳು ಹಿಡಿದು ಹೊರತೆಗೆಯಿರಿ. ನಂತರ ಅದನ್ನು ನಳಿಗೆಯ ಹೊರಗೆ ಪಕ್ಕದಲ್ಲಿಟ್ಟು ನೋಡಿದರೆ ತುದಿ ನಿಪ್ಪಲ್ಲಿನ ನೇರಕ್ಕೆ ಬರಬೇಕು. ಎರಡಂಗುಲ ಮುಂದೆಯೇ ನಿಂತರೆ ಒಳಗೆ ಹಳೆಯ ಮದ್ದು ಗುಂಡು ಹಾಗೇ ಇರಬಹುದು, ಅಂಥದ್ದನ್ನು ಕೆಳಗಿಟ್ಟು ಮಾಲೀಕರಿಗೆ ತಿಳಿಸಿ. ಖಾಲಿಯೆಂದು ಖಚಿತವಾದ ಮೇಲೆ ಒಳಗೆ ಪುಟ್ಟ ಬೆಳಕು ಇಳಿಬಿಟ್ಟು, ಬಾಯಿಂದ ಮೊದಲ ಮೂರು ಅಂಗುಲದ ತೋಡುಗಳ ಅಂಚು ಚೂಪಾಗಿವೆಯೇ ನೋಡಿ, ಏಕೆಂದರೆ ಗುಂಡು ಕೊನೆಯದಾಗಿ ಮುಟ್ಟುವುದು ಅಲ್ಲಿ. ಕುದುರೆಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ ಟ್ರಿಗರ್ ಒತ್ತಿದಾಗ ಅದು ಜಾರಬಾರದು. ನಿಪ್ಪಲ್ ತುಕ್ಕಿನಿಂದ ಕಚ್ಚಿಕೊಂಡಿದೆಯೇ, ಹಿಂಬದಿಯ ಮರದಲ್ಲಿ ಕುದುರೆಯನ್ನು ಹಿಡಿದಿರುವ ಬೀಗದ ತಗಡಿನ ಹತ್ತಿರ ಬಿರುಕಿದೆಯೇ ಎಂದು ಕೇಳಿ ನೋಡಿ. ಇವಿಷ್ಟು ಸರಿಯಿದ್ದು, ಚೀಲದಲ್ಲಿ ಅಳತೆ ಕಡ್ಡಿಗಳಿದ್ದರೆ ಬಾಯಿಗಿಳಿಸಿ, ಬಂದ ಅಂಕಿಯನ್ನು ಬರೆದುಕೊಂಡು, ಬೆಲೆಯ ಮಾತನ್ನು ಆಮೇಲೆ ತೆಗೆಯಿರಿ.